ಸಂಪಿಗೆ ಮರದ ಬೋರ್ಡು

ಶ್ರೀನಿವಾಸಯ್ಯನವರು ತಮ್ಮ ಜೀವಮಾನದಲ್ಲಿ ಒಂದು ಮಾವಿನಕಾಯಿಯನ್ನೂ ಮರದಿಂದ ಕಿತ್ತವರಲ್ಲ. ಆದರೆ ಮಾವಿನಕಾಯಿಯನ್ನು ಹೇಗೆ ಕೀಳಬೇಕೆಂದು ರಾಜ್ಯದ ಬೆಳೆಗಾರರಿಗೆಲ್ಲ ತಿಳಿಸಿಕೊಟ್ಟವರು ಅವರೇ. ತಿಳಿಸಿಕೊಟ್ಟೆ ಎನ್ನುವುದು ಅವರ ಮಾತು. ತಿಳಿಯಿತು ಎಂದ ಬೆಳೆಗಾರನನ್ನು ನಾನು ಇದುವರೆಗೆ ಕಂಡಿಲ್ಲ.

ಅವರು ಒಂದು ಸರ್ಕಾರಿ ಕಚೇರಿಯ ಭಾಷಾಂತರ ವಿಭಾಗದಲ್ಲಿದ್ದರು. ಹೂವು, ಹಣ್ಣು, ತರಕಾರಿ ಬೆಳೆಯುವವರಿಗಾಗಿ ಇಂಗ್ಲಿಷಿನಲ್ಲಿ ಬರುತ್ತಿದ್ದ ಕರಪತ್ರಗಳನ್ನು ಕನ್ನಡಕ್ಕೆ ತರುವುದು ಅವರ ಕೆಲಸ. ಇಂಗ್ಲಿಷಿನ ಮೇಲೆ ಅವರಿಗೆ ಕನಿಕರವಿತ್ತು. "ಪಾಪ, ಬಡ ಭಾಷೆ. ಹೂವಿಗೂ ಹಣ್ಣಿಗೂ ಹತ್ತಿಗೂ ಒಂದೇ 'ಪಿಕ್' ಎಂದು ಕೈ ತೊಳೆದುಕೊಳ್ಳುತ್ತಾರೆ" ಎನ್ನುತ್ತಿದ್ದರು. ಆ ಬಡತನವನ್ನು ತಾವೇ ನಿಂತು ನೀಗಿಸಿದರು. ಹೂವಿಗೆ ಪುಷ್ಪಾವಚಯ, ಹಣ್ಣಿಗೆ ಫಲಾವಚಯ, ಸೊಪ್ಪಿಗೆ ಪತ್ರಾವಚಯ. ತೊಟ್ಟಿನ ಸಮೇತ ಕೊಯ್ಯಿರಿ ಎನ್ನಬೇಕಾದ ಕಡೆ 'ವೃಂತಸಹಿತ ಅವಚಯವು ಅಪೇಕ್ಷಣೀಯ' ಎಂದು ಬರೆದ ದಿನ ಸಂತೋಷ ತಡೆಯಲಾರದೆ ಮನೆಗೆ ಜಹಾಂಗೀರು ಕಟ್ಟಿಸಿಕೊಂಡು ಬಂದಿದ್ದರಂತೆ.

ಒಮ್ಮೆ ಕೋಲಾರದ ಕಡೆಯ ರೈತನೊಬ್ಬ ಕರಪತ್ರ ಹಿಡಿದು ಕಚೇರಿಗೇ ಬಂದ. "ಸ್ವಾಮಿ, ನಮ್ ತೋಟಕ್ಕೆ ಈ ಫಲಾವಚಯ ಇನ್ನೂ ಬಂದಿಲ್ಲ. ಬಂದ್ರೆ ಯಾವ ಔಷ್ದಿ ಹೊಡೀಬೇಕು?" ಎಂದು ಕೇಳಿದ. ಈ ಕತೆಯನ್ನು ಶ್ರೀನಿವಾಸಯ್ಯನವರೇ ನಮಗೆ ಹೇಳಿ ನಗುತ್ತಿದ್ದರು. ಅವರು ನಗುತ್ತಿದ್ದುದು ರೈತನನ್ನು ನೆನೆದು, ನಾವು ನಗುತ್ತಿದ್ದುದು ಅವರನ್ನು ನೋಡಿ. ಒಟ್ಟಿನಲ್ಲಿ ಜಗಲಿಯ ಮೇಲೆ ಸೌಹಾರ್ದ ಇರುತ್ತಿತ್ತು.

ಬಾಯಿಮಾತಿನಲ್ಲೂ ಅವರು ಪುಸ್ತಕ ಬಿಟ್ಟು ಇಳಿದವರಲ್ಲ. ಒಂದು ಸಲ ಆಟೋದವನ ಬಳಿ ಹೋಗಿ, "ಚಾಮರಾಜಪೇಟೆಯವರೆಗೆ ಆಗಮಿಸುವಿರಾ?" ಎಂದರು. ಅವನು ಇದ್ಯಾವುದೋ ಸಭೆಗೆ ಕರೆಯುತ್ತಿದ್ದಾರೆಂದು ತಿಳಿದು, "ಟೈಮಿಲ್ಲ ಸಾರ್, ಬೇರೆಯೋರ್ನ ಕರೀರಿ" ಎಂದು ಗೇರ್ ಬದಲಿಸಿದ.

ಇಂಥ ಮನುಷ್ಯನಿಗೂ ಒಂದು ನೋವಾಯಿತು. ನಿವೃತ್ತರಾದ ದಿನ ಹಾರ ಹಾಕಿಸಿಕೊಂಡು, ಜರಿಪಂಚೆ ಹೊದಿಸಿಕೊಂಡು, ನೀರು ಕುಡಿಯಲು ಹೋದರು. ನೀರಿನ ಹೂಜಿ ಒಂದು ಎತ್ತರದ ಕಟ್ಟಿನ ಮೇಲೆ ಕೂತಿತ್ತು. ಬಗ್ಗಿ ನೋಡಿದರೆ ಅದು ಅವರದೇ ಗುಲಾಬಿಯ ಕರಪತ್ರ. ಪ್ರೆಸ್ಸಿನಿಂದ ಬಂದಾಗ ಬಿಗಿದಿದ್ದ ದಾರವನ್ನೂ ಯಾರೂ ಬಿಚ್ಚಿರಲಿಲ್ಲ. ಆ ಸಂಜೆ ಮನೆಗೆ ಬಂದು ಹೆಂಡತಿಯೊಡನೆ, "ಭಾಗೂ, ಸಾಯುವುದರೊಳಗೆ ನಾನು ಬರೆದ ಒಂದೇ ಒಂದು ವಾಕ್ಯವನ್ನಾದರೂ ಜನ ಓದಿ, ಅದರಂತೆ ನಡೆಯುವುದನ್ನು ನೋಡಬೇಕು" ಎಂದರಂತೆ. ಭಾಗೀರಥಮ್ಮ, "ಮೊದಲು ಕಾಫಿ ಕುಡೀರಿ" ಎಂದರಂತೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಶಂಕರಪುರಂನ ನಮ್ಮ ಅಡ್ಡರಸ್ತೆಯಲ್ಲಿ ಅವರದು ಎದುರು ಮನೆ. ಅಂಗಳದಲ್ಲಿ ಒಂದು ಕೆಂಡಸಂಪಿಗೆ ಮರ. ಭಾಗೀರಥಮ್ಮ ಮದುವೆಯಾಗಿ ಬಂದ ವರ್ಷ ಕಡ್ಡಿಯಷ್ಟಿದ್ದುದನ್ನು ತಂದು ನೆಟ್ಟು, ಮುಸುರೆ ನೀರು ಹೊಯ್ದು ಬೆಳೆಸಿದ್ದು. ಮರಕ್ಕೆ ಸ್ವಭಾವತಃ ದಾನಬುದ್ಧಿ. ದೊಡ್ಡ ಕೊಂಬೆಗಳೆಲ್ಲ ಕಾಂಪೌಂಡ್ ದಾಟಿ ರಸ್ತೆಯ ಕಡೆಗೇ ಬಾಗಿದ್ದವು.

ನಮ್ಮ ಬಡಾವಣೆಯಲ್ಲಿ ದೇವರಿಗೆಂದು ಪಕ್ಕದ ಮನೆಯ ಹೂವು ತೆಗೆದುಕೊಳ್ಳುವುದು ಕಳ್ಳತನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೊಂದು ಶಿಸ್ತಿದೆ. ಗೇಟು ತೆಗೆಯಬಾರದು. ಕಾಂಪೌಂಡಿನ ಆಚೆ ಬಾಗಿದ್ದು ಸಾರ್ವಜನಿಕರದು. ಹೂವನ್ನು ಮೂಸಬಾರದು, ಮೂಸಿದರೆ ದೇವರಿಗೆ ಬರುವುದಿಲ್ಲ. ಮನೆಯ ಯಜಮಾನರು ಕಂಡರೆ ಓಡಬಾರದು, ಕವರನ್ನು ಸ್ವಲ್ಪ ಹಿಂದಕ್ಕೆ ಸರಿಸಿ, "ವಾಕಿಂಗ್ ಆಯ್ತಾ ಸಾರ್?" ಎನ್ನಬೇಕು. ಹೀಗೆ ದಿನಾ ಬೆಳಕು ಹರಿಯುವ ಹೊತ್ತಿಗೆ ಶ್ರೀನಿವಾಸಯ್ಯನವರ ಕಾಂಪೌಂಡಿನಾಚೆ ಕ್ಯಾನ್ವಾಸ್ ಶೂ, ಸೀರೆ, ಸ್ವೆಟರುಗಳ ಒಂದು ಸಣ್ಣ ಜಾತ್ರೆ ಸೇರುತ್ತಿತ್ತು.

ಅದರ ನಾಯಕಿ ಶೈಲಜಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ಊರಿಗೆಲ್ಲ 'ಲೈನ್ ಬ್ಯುಸಿ ಇದೆ' ಎಂದು ಹೇಳಿ ಪಳಗಿದ ಕಂಠ. ಅವರು ಗುಟ್ಟು ಹೇಳಿದರೆ ಬುಲ್ ಟೆಂಪಲ್ ರಸ್ತೆಗೆ ಕೇಳಿಸುತ್ತಿತ್ತು. ಪರದೆ ಹಾಕುವ ಹಳೆಯ ರಾಡಿನ ತುದಿಯನ್ನು ಬಗ್ಗಿಸಿ ಮಾಡಿಕೊಂಡ ಕೊಕ್ಕೆ ಅವರ ಆಯುಧ.

ನಿವೃತ್ತಿಯ ಮಾರನೆಯ ವಾರ ಕಿಟಕಿಯಿಂದ ಈ ಜಾತ್ರೆಯನ್ನು ಕಂಡ ಶ್ರೀನಿವಾಸಯ್ಯನವರಿಗೆ ಸಿಟ್ಟು ಬರಲಿಲ್ಲ, ಉತ್ಸಾಹ ಬಂತು. ವಿಷಯ ಅವರದೇ, ಜಾಗ ಅವರದೇ, ಓದುಗರು ತಾವಾಗಿ ಬಂದು ಗೇಟಿನ ಮುಂದೆ ನಿಂತಿದ್ದಾರೆ. ಇನ್ನೇನು ಬೇಕು? ಎರಡು ದಿನ ತಿದ್ದಿ ತೀಡಿ ಈ ಮಾತನ್ನು ಸಿದ್ಧಪಡಿಸಿದರು: 'ಅನುಮತಿರಹಿತ ಪುಷ್ಪಾವಚಯವು ಸರ್ವಥಾ ನಿಷಿದ್ಧ. ಶಾಖಾಕರ್ಷಣವು ಅಕ್ಷಮ್ಯ.'

ಬೋರ್ಡು ಬರೆಯಲು ಸಿಕ್ಕವನು ಚಾಮರಾಜಪೇಟೆಯ ಮಾಯಣ್ಣ. ಅವನು ದೇವಸ್ಥಾನಗಳ ಬೋರ್ಡು ಬರೆದೇ ಬದುಕಿದವನು. ಬೇರೆ ರೀತಿ ಬರೆಯಲು ಕೈ ಕೇಳಬೇಕಲ್ಲ. ಹಳದಿ ಬಣ್ಣ ಬಳಿದು, ಕೆಂಪು ಅಕ್ಷರ ಬರೆದು, ಸುತ್ತ ಬಳ್ಳಿ ಬಿಡಿಸಿ, ಮೇಲೆ 'ಶ್ರೀ' ಹಾಕಿ, ಎರಡೂ ಪಕ್ಕ ಉರಿಯುವ ದೀಪ ಇಟ್ಟುಕೊಟ್ಟ. ಶ್ರೀನಿವಾಸಯ್ಯನವರಿಗೆ ಬಹಳ ಮೆಚ್ಚಿಗೆಯಾಯಿತು. ತಮ್ಮ ಕನ್ನಡಕ್ಕೆ ತಕ್ಕ ಗೌರವ ಎಂದುಕೊಂಡರು. ಬೋರ್ಡನ್ನು ಗೇಟಿನ ಪಕ್ಕದ ಗೋಡೆಗೆ, ಮರದ ಕೆಳಗೆ ಮೊಳೆ ಹೊಡೆದು ನಿಲ್ಲಿಸಿದರು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಬೋರ್ಡಿನ ನೆತ್ತಿಯ ಮೇಲೆ ಒಂದು ಸಂಪಿಗೆ ಹೂವು. ಗಾಳಿಗೆ ಬಿದ್ದಿರಬೇಕು ಎಂದುಕೊಂಡರು. ಅದರ ಮಾರನೆಯ ದಿನ ಹೂವಿನ ಜೊತೆ ಕುಂಕುಮವೂ ಇತ್ತು. ಗಾಳಿಗೆ ಕುಂಕುಮ ಬೀಳುವುದಿಲ್ಲವಲ್ಲ. ಮೂರನೆಯ ದಿನ ಪರದೆಯ ಹಿಂದೆ ನಿಂತರು. ಶೈಲಜಮ್ಮ ಬಂದರು. ಶೂ ಬಿಟ್ಟರು. ಬೋರ್ಡಿಗೆ ಕೈಮುಗಿದರು. ಕೊಕ್ಕೆ ಹಾಕಿ ಕೊಂಬೆ ಬಗ್ಗಿಸಿ, ಬಿಡಿಸಿದ ಮೊದಲ ಹೂವನ್ನು ಭಕ್ತಿಯಿಂದ ಬೋರ್ಡಿನ ಮೇಲಿಟ್ಟರು. ಹಿಂದಿದ್ದವರೂ ಹಾಗೇ ಮಾಡಿದರು. ಆಮೇಲೆ ಎಲ್ಲರೂ ನೆಮ್ಮದಿಯಾಗಿ ಮರ ಬರಿದು ಮಾಡತೊಡಗಿದರು.

ಶ್ರೀನಿವಾಸಯ್ಯನವರು ಧಾವಿಸಿ ಬಂದರು.

"ಶೈಲಜಮ್ಮನವರೇ, ಫಲಕವನ್ನು ಓದಿದಿರಾ?"

"ಅಯ್ಯೋ, ದಿನಾ ಓದ್ತೀನಿ ಸಾರ್. ಕೈ ಮುಗೀದೆ ಒಂದ್ ಹೂವೂ ಮುಟ್ಟಲ್ಲ. ಬಹಳ ಒಳ್ಳೇ ಕೆಲಸ ಮಾಡಿದ್ರಿ. ಯಾವ ಸ್ತೋತ್ರದ್ದು?"

"ಸ್ತೋತ್ರವಲ್ಲ! ಅದು ನಿಷೇಧಾಜ್ಞೆ!"

"ಹೌದಾ? ಏನಕ್ಕೆ ನಿಷೇಧ?"

"ಪುಷ್ಪಾವಚಯಕ್ಕೆ!"

"ನಾವ್ಯಾರೂ ಅಂಥದ್ದೆಲ್ಲ ಮಾಡಲ್ಲ ಬಿಡಿ ಸಾರ್. ಸುಮ್ನೆ ದೇವರಿಗೆ ಹೂ ಬಿಡಿಸ್ಕೊಂಡು ಹೋಗ್ತೀವಿ."

ಎರಡೂ ಒಂದೇ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಾವು ಬರೆದದ್ದಕ್ಕೆ ತಾವೇ ರಸ್ತೆಯಲ್ಲಿ ನಿಂತು ಅರ್ಥ ಹೇಳುವುದೆಂದರೆ ಶ್ರೀನಿವಾಸಯ್ಯನವರ ಮಟ್ಟಿಗೆ ಸೋತಂತೆ. "ನಿಘಂಟು ನೋಡಿ" ಎಂದರು.

"ಖಂಡಿತ ಸಾರ್, ಮನೆಗೆ ಹೋಗಿ ನೋಡ್ತೀನಿ. ಹೇಗೂ ಬಂದಿದೀರಲ್ಲ, ನೀವು ಎತ್ತರ ಬೇರೆ, ಆ ಕೊಂಬೆ ಒಂಚೂರು ಬಗ್ಗಿಸಿ."

ಹೆಂಗಸರು ಕೇಳಿದ ಸಹಾಯವನ್ನು ಇಲ್ಲವೆಂದ ಅಭ್ಯಾಸ ಶ್ರೀನಿವಾಸಯ್ಯನವರಿಗಿಲ್ಲ. ಶಾಖೆಯನ್ನು ತಾವೇ ಆಕರ್ಷಿಸಿ ಹಿಡಿದು ನಿಂತರು. ನಾನು ನಮ್ಮ ಮಹಡಿಯ ಮೇಲಿಂದ ಕಣ್ಣಾರೆ ಕಂಡೆ.

ಇದೆಲ್ಲ ತಮಾಷೆಯಾಗಿಯೇ ನಡೆದುಹೋಗುತ್ತಿತ್ತೇನೋ. ಆದರೆ ವರಮಹಾಲಕ್ಷ್ಮಿ ಹಬ್ಬ ಬಂತು. ಗಾಂಧಿಬಜಾರಿನಲ್ಲಿ ಹೂವಿನ ಬೆಲೆ ಕೇಳಿದವರೆಲ್ಲ ನೇರವಾಗಿ ನಮ್ಮ ರಸ್ತೆಗೆ ಬಂದರು. ಗುರುತಿಲ್ಲದ ಮುಖಗಳು, ಗುರುತಿಲ್ಲದ ಕೊಕ್ಕೆಗಳು. ಕೆಳಗಿನ ಹೂವು ಮುಗಿದ ಮೇಲೆ ಮೇಲಿನದಕ್ಕೆ ಕೈ ಹೋಯಿತು. ಒಬ್ಬರು ಎಳೆದರು, ಇನ್ನೊಬ್ಬರು ಜೋತುಬಿದ್ದರು. ಸೀರೆ ಹರಿದಂಥ ಉದ್ದನೆಯ ಸದ್ದಾಯಿತು. ದೊಡ್ಡ ಕೊಂಬೆ ಬುಡದ ತನಕ ಸಿಗಿದು, ಕಾಂಡದ ಸಿಪ್ಪೆಯನ್ನೂ ಎಳೆದುಕೊಂಡು ರಸ್ತೆಗೆ ಬಿತ್ತು. ಒಂದು ಕ್ಷಣದಲ್ಲಿ ರಸ್ತೆ ಖಾಲಿ. ಬೋರ್ಡು ಮಾತ್ರ ಹೂವು, ಕುಂಕುಮ, ಅರಿಸಿನ ಮೂರನ್ನೂ ಧರಿಸಿ ನಗುತ್ತಾ ನಿಂತಿತ್ತು.

ಭಾಗೀರಥಮ್ಮ ಕಲಶಕ್ಕೆ ಸೀರೆ ಉಡಿಸುತ್ತಿದ್ದವರು ಹಾಗೇ ಎದ್ದು ಬಂದರು. ಕೂಗಾಡಲಿಲ್ಲ. ಸಗಣಿ, ಕೆಮ್ಮಣ್ಣು ಕಲಸಿ ಗಾಯಕ್ಕೆ ಮೆತ್ತಿದರು. ಒಳಗೆ ಹೋಗಿ ಗಂಡನ ಬೀಳ್ಕೊಡುಗೆಯ ಜರಿಪಂಚೆಯನ್ನು ತಂದು, ನಡುವೆ ಹರಿದು, ಕಾಂಡಕ್ಕೆ ಬಿಗಿಯಾಗಿ ಸುತ್ತಿದರು. ಶ್ರೀನಿವಾಸಯ್ಯನವರು ಪಂಚೆಯ ಇನ್ನೊಂದು ತುದಿ ಹಿಡಿದುಕೊಟ್ಟರು.

"ಇನ್ನೊಂದು ಕೊಂಬೆ ಹೀಗೆ ಸೀಳಿದ್ರೆ ಮರ ಉಳಿಯಲ್ಲ" ಎಂದರು ಭಾಗೀರಥಮ್ಮ. "ಮುಂದೆ ಗೌರಿ ಹಬ್ಬ ಬರ್ತಿದೆ. ಅಷ್ಟರೊಳಗೆ ಜನಕ್ಕೆ ಅರ್ಥ ಆಗೋ ಹಾಗೆ ಬರೀರಿ. ನಿಮ್ಮ ಕೈಲಿ ಆಗ್ದಿದ್ರೆ ಹೇಳಿ, ನಾನೇ ಸೀಮೆಸುಣ್ಣದಲ್ಲಿ ಬರೀತೀನಿ."

"ಏನೆಂದು ಬರೆಯುತ್ತೀ?"

"ಮರ ಮುರೀಬೇಡ್ರೋ ಅಂತ."

"ಫಲಕದ ಮೇಲೆ 'ರೋ' ಎನ್ನುವ ಸಂಪ್ರದಾಯವಿಲ್ಲ."

"ಹಾಗಾದ್ರೆ ಸಂಪ್ರದಾಯ ನೋಡ್ಕೊಂಡು ನೀವೇ ಬರೀರಿ. ಮರ ನನ್ನದು."

ನಾನು ಸಂಜೆ ಹೋಗಿ, ಕಾಂಪೌಂಡಿಗೆ ಮುಳ್ಳುತಂತಿ ಹಾಕಿಸಿಬಿಡಿ ಎಂದು ಸಲಹೆ ಕೊಟ್ಟೆ. ಅವರು ನನ್ನನ್ನು ಮರುಕದಿಂದ ನೋಡಿದರು. "ಇಷ್ಟು ವರ್ಷ ಬರೆದು, ಕೊನೆಗೆ ತಂತಿಯ ಕೈಯಲ್ಲಿ ಮಾತಾಡಿಸಬೇಕೇ?" ಎಂದರು. ಆಗ ನನಗೆ ಗೊತ್ತಾಯಿತು, ಇದು ಬರೀ ಮರದ ಪ್ರಶ್ನೆಯಲ್ಲ. ಹೂಜಿಯ ಕೆಳಗಿನ ಆ ಕಟ್ಟು ಇನ್ನೂ ಅವರ ಮನಸ್ಸಿನಲ್ಲಿತ್ತು.

ಆದರೆ ಬರೆಯುವುದೇನನ್ನು? 'ಹೂ ಕೀಳಬೇಡಿ' ಎಂದು ಬರೆದು ನೋಡಿದರು. ಹಲ್ಲು ಕೀಳುವುದು, ಮೊಳೆ ಕೀಳುವುದು, ಕಳೆ ಕೀಳುವುದು. ದೇವರ ಹೂವಿಗೆ ಅದೇ ಮಾತೇ? ಹೊಡೆದುಹಾಕಿದರು. 'ಕೊಯ್ಯಬೇಡಿ' ಎಂದರೆ ಕುಡುಗೋಲು ಕಣ್ಣಿಗೆ ಬರುತ್ತದೆ. 'ಬಿಡಿಸಬೇಡಿ' ಎನ್ನೋಣವೆಂದರೆ ಆ ಮಾತು ಎಷ್ಟು ಮೆತ್ತಗಿದೆಯೆಂದರೆ, ಅದನ್ನು ಬೇಡವೆನ್ನಲು ಮನಸ್ಸೇ ಬರುವುದಿಲ್ಲ. ಕೊನೆಗೆ ಅಭಿಮಾನವನ್ನು ಒಳಗಿಟ್ಟು ಶೈಲಜಮ್ಮನವರನ್ನು ಕಾಫಿಗೆ ಕರೆಸಿದರು. ಪಂಚಾಯ್ತಿ ಇರಬಹುದೆಂದು ನಾನೂ ಹೋಗಿ ಕೂತೆ.

ಶೈಲಜಮ್ಮ ಬರುತ್ತಲೇ ಶುರು ಮಾಡಿದರು. "ನೋಡಿ ಸಾರ್, ಆ ಕೊಂಬೆ ಎಳೆದೋರು ನಮ್ಮವರಲ್ಲ. ಮಲ್ಲೇಶ್ವರದಿಂದ ಮಗಳ ಮನೆಗೆ ಬಂದಿದ್ದೋರು. ಅವರ ಕಡೆ ಒಂದ್ ರಸ್ತೆಗೇ ಸಂಪಿಗೆ ಅಂತ ಹೆಸರಿಟ್ಕೊಂಡಿದಾರೆ, ಒಂದ್ ಹೂ ಬಿಡಿಸೋಕೆ ಬರಲ್ಲ."

"ಇರಲಿ. ನಿಮ್ಮನ್ನು ಕರೆದದ್ದು ಬೇರೆ ವಿಚಾರಕ್ಕೆ. ನೀವು ಬೆಳಗ್ಗೆ ಇಲ್ಲಿ ಮಾಡುವ ಕೆಲಸಕ್ಕೆ ಏನೆನ್ನುತ್ತೀರಿ?"

"ಹೂ ಬಿಡಿಸೋದು ಅಂತೀವಿ."

"ಎಲ್ಲಕ್ಕೂ ಬಿಡಿಸುವುದೇ?"

"ಅದ್ಹೇಗಾಗತ್ತೆ ಸಾರ್? ಪಾರಿಜಾತ ಬಿಡಿಸ್ತಾರಾ ಯಾರಾದ್ರೂ? ಅದು ತಾನಾಗೇ ಬಿದ್ದಿರತ್ತೆ, ಆಯ್ಕೋತೀವಿ."

ಒಳಗಿನಿಂದ ಭಾಗೀರಥಮ್ಮ, "ಕರಿಬೇವು ಚಿವುಟೋದು" ಎಂದರು.

"ಹ್ಞೂಂ, ಚಿವುಟೋದು. ಹುಣಸೆಕಾಯಾದ್ರೆ ಬಡಿದು ಉದುರಿಸೋದು. ತೆಂಗಿನಕಾಯಿ ಕೆಡವಿಸೋದು. ಬಾಳೆಗೊನೆ ಕಡಿಯೋದು. ತುಳಸಿಗೆ ಮಾತ್ರ ನಮ್ಮತ್ತೆ ಕೀಳೋದು ಗೀಳೋದು ಅನ್ನೋಕೇ ಬಿಡ್ತಿರ್ಲಿಲ್ಲ. ತುಳಸಿ ತಗೊಂಬಾ ಅನ್ನಬೇಕು. ಅದೂ ಕೈಮುಗಿದು."

"ಮತ್ತೆ ಕೀಳುವುದು ಯಾವುದು?"

"ಅದು ಬೇರೆಯವರು ಮಾಡೋದು ಸಾರ್. ನಾನು ನಿಮ್ಮನೇಲಿ ತಗೊಂಡ್ರೆ ಬಿಡಿಸಿದ್ದು. ಯಾರಾದ್ರೂ ನಮ್ಮನೆ ದಾಸವಾಳ ತಗೊಂಡ್ರೆ, ಕಿತ್ಕೊಂಡ್ ಹೋದ್ರು ಅಂತೀವಿ."

ಶ್ರೀನಿವಾಸಯ್ಯನವರ ಮುಖ ಅರಳಿತು. "ಹಾಗಾದರೆ ನಮ್ಮ ಮರದಿಂದ ನೀವು ಇಷ್ಟು ವರ್ಷ ಕಿತ್ತುಕೊಂಡು ಹೋದಿರಿ ಎಂದು ನಾನು ಹೇಳಬಹುದು."

ಎಕ್ಸ್‌ಚೇಂಜಿನ ಲೈನು ಆ ಕ್ಷಣಕ್ಕೆ ಬ್ಯುಸಿಯಾಯಿತು. ಶೈಲಜಮ್ಮ ಒಂದು ಗುಟುಕು ಕಾಫಿ ಕುಡಿದು, "ನೀವು ಹೇಳಬಹುದು ಸಾರ್" ಎಂದು ಒಪ್ಪಿಕೊಂಡರು. "ಆದ್ರೆ ಬೋರ್ಡ್ ಮೇಲೆ ಬೇಡ ಅಂತ ಮಾತ್ರ ಬರೀಬೇಡಿ. ನಮ್ಮೂರಲ್ಲಿ ಬೇಡ ಅಂತ ಬರೆದಿರೋ ಗೋಡೆ ಹತ್ರಾನೇ ಅಲ್ವಾ ಎಲ್ರೂ ಹೋಗಿ ನಿಲ್ಲೋದು? ಕೈಗೆ ಸಿಗೋದು ಬಿಡಿಸ್ಕೊಳ್ಳಿ ಅನ್ನಿ. ಕೊಂಬೆ ತಂಟೆಗೆ ಹೋಗ್ಬೇಡಿ ಅನ್ನಿ. ಅರ್ಧ ಕೊಟ್ರೆ ಅರ್ಧ ಕೇಳ್ತಾರೆ."

ಶ್ರೀನಿವಾಸಯ್ಯನವರು ಮರಕ್ಕೆ ಸುತ್ತಿದ್ದ ಪಂಚೆಯ ಕಡೆ ನೋಡಿದರು. ಇಂಗ್ಲಿಷಿನವರಿಗೆ ಒಂದೇ ಪಿಕ್ ಇದ್ದ ಹಾಗೆ ತಮಗೂ ಇಷ್ಟು ವರ್ಷ ಒಂದೇ ಅವಚಯವಿತ್ತು ಎಂಬುದು ಅವರಿಗೆ ಹೊಳೆದಿರಬಹುದು. ಹೊಳೆದಿದ್ದರೆ ನಮಗೆ ಹೇಳಲಿಲ್ಲ. ಕಾಗದ ತೆಗೆದುಕೊಂಡು ಎರಡು ಸಾಲು ಬರೆದರು. ಆಮೇಲೆ ಯಾರೂ ಕೇಳದೆ ಮೂರನೆಯ ಸಾಲೊಂದನ್ನು ತಾವೇ ಸೇರಿಸಿದರು: 'ಕೈಗೆ ಸಿಕ್ಕ ಹೂ ಬಿಡಿಸಿಕೊಳ್ಳಿ. ಕೊಂಬೆ ಎಳೆಯಬೇಡಿ. ನಮ್ಮನೆ ದೇವರಿಗೂ ನಾಲ್ಕು ಬಿಡಿ.'

ಭಾಗೀರಥಮ್ಮ ಕೈ ಒರೆಸಿಕೊಂಡು ಬಂದು ಓದಿದರು. "ಇದು ನೀವು ಬರೆದದ್ದಾ?" ಎಂದು ಕೇಳಿದರು.

"ಇನ್ನಾರು ಬರೆಯುತ್ತಾರೆ!" ಎಂದರು ಶ್ರೀನಿವಾಸಯ್ಯ, ಹಳೆಯ ಗತ್ತಿನಲ್ಲೇ.

ಮತ್ತೆ ಮಾಯಣ್ಣ ಬಂದ. ಬಿಳಿ ಹಲಗೆ, ಕಪ್ಪಕ್ಷರ, ದೀಪ ಬೇಡ, ಬಳ್ಳಿ ಬೇಡ ಎಂದರು. 'ಶ್ರೀ' ಇಲ್ಲದೆ ಕುಂಚ ಏಳುವುದಿಲ್ಲವೆಂದು ಅವನು ಹಟ ಹಿಡಿದ. ಮೂಲೆಯಲ್ಲಿ ಇರುವೆಯಷ್ಟು 'ಶ್ರೀ'ಗೆ ರಾಜಿಯಾಯಿತು. ಹಳೆಯ ಬೋರ್ಡು ಬರೆಯುವಾಗ ಮೌನವಾಗಿದ್ದವನು ಇದನ್ನು ಜೋರಾಗಿ ಓದಿಕೊಂಡೇ ಬರೆದ. ಮುಗಿಸಿ, ಕುಂಚ ತೊಳೆಯುತ್ತಾ, "ಸಾರ್, ಹೋಗ್ತಾ ನಮ್ಮನೆ ದೇವರಿಗೂ ನಾಲ್ಕು ಬಿಡಿಸ್ಕೊಳ್ಲಾ? ಕೈಗೆ ಸಿಗೋದೇ" ಎಂದು ಕೇಳಿದ. ಶ್ರೀನಿವಾಸಯ್ಯನವರು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಹಳೆಯ ಬೋರ್ಡನ್ನು ಎಸೆಯಲು ಶೈಲಜಮ್ಮ ಬಿಡಲಿಲ್ಲ. ಪೂಜೆ ಮಾಡಿಸಿಕೊಂಡ ಬೋರ್ಡಂತೆ, ಎಸೆಯಬಾರದಂತೆ. ಅದನ್ನು ಮೂಲೆಯ ಅಶ್ವತ್ಥಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕದಲ್ಲಿ ಒರಗಿಸಿದರು. ಇವತ್ತಿಗೂ ಅಲ್ಲಿದೆ. ಹೂವು ತಪ್ಪಿದ ದಿನವನ್ನು ನಾನು ನೋಡಿಲ್ಲ.

ಗೌರಿ ಹಬ್ಬದ ದಿನ ಶ್ರೀನಿವಾಸಯ್ಯನವರು ಸ್ನಾನ ಮುಗಿಸಿ ನಸುಕಿಗೇ ಪರದೆಯ ಹಿಂದೆ ಹಾಜರಾದರು. ಜನ ವರಮಹಾಲಕ್ಷ್ಮಿಗಿಂತ ಹೆಚ್ಚೇ ಬಂದರು. ಶೈಲಜಮ್ಮ ಮುಂದೆ ನಿಂತು ಬೋರ್ಡನ್ನು ಟ್ರಂಕ್‌ಕಾಲಿನ ಧ್ವನಿಯಲ್ಲಿ ಓದಿ ಹೇಳಿದರು. ಕೆಲವರು ನಕ್ಕರು. ಕೈಗೆ ಸಿಕ್ಕಿದ್ದನ್ನು ಬಿಡಿಸಿಕೊಂಡರು. ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದ ಮಹಾಶಯನೊಬ್ಬ ಸೀಟಿನ ಮೇಲೆ ಹತ್ತಿ ನಿಂತು, ಪಂಚೆ ಸುತ್ತಿದ ಕಾಂಡದ ಮೇಲಿನ ಕೊಂಬೆಗೇ ಕೊಕ್ಕೆ ಹಾಕಿದ. ಶ್ರೀನಿವಾಸಯ್ಯನವರ ಪರದೆ ಸರ್ರನೆ ಪಕ್ಕಕ್ಕೆ ಸರಿಯಿತು.

"ರೀ ಸ್ವಾಮಿ! ಕೊಂಬೆ ಎಳೆಯಬೇಡಿ ಅಂತ ಬರೆದಿಲ್ವಾ?" ಎಂದರು ಒಬ್ಬರು.

"ಓದೋಕ್ ಬರಲ್ವೇನ್ರೀ? ಅಷ್ಟು ದಪ್ಪಕ್ಕೆ ಬರೆದಿದಾರೆ!" ಎಂದರು ಇನ್ನೊಬ್ಬರು.

"ಇಳೀರಿ ಇಳೀರಿ. ಹಬ್ಬದ ದಿನ ಬೈಸ್ಕೋಬೇಡಿ" ಎಂದಿತು ಎಕ್ಸ್‌ಚೇಂಜು.

ಮಹಾಶಯ ಬೋರ್ಡು ಓದಿದ. ಕೊಕ್ಕೆ ಬಿಡಿಸಿದ. ಇಳಿದ. ತಮ್ಮ ವಾಕ್ಯವನ್ನು ಬೇರೆಯವರ ಬಾಯಲ್ಲಿ, ಅದೂ ಜಗಳದಲ್ಲಿ ಕೇಳುವ ಭಾಗ್ಯ ಶ್ರೀನಿವಾಸಯ್ಯನವರಿಗೆ ಬಂದದ್ದು ಅದೇ ಮೊದಲು. ಎಲ್ಲರೂ ಹೋದ ಮೇಲೆ ಹೊರಗೆ ಬಂದು ನೋಡಿದರೆ, ಕಾಂಪೌಂಡ್ ಗೋಡೆಯ ಉದ್ದಕ್ಕೂ ಸಂಪಿಗೆಯ ಸಣ್ಣ ಸಣ್ಣ ಗುಂಪುಗಳು. ಬಂದವರೆಲ್ಲ ಒಬ್ಬೊಬ್ಬರೂ ತಮ್ಮ ಕವರಿನಿಂದ ನಾಲ್ಕು ನಾಲ್ಕು ತೆಗೆದು ಇಟ್ಟುಹೋಗಿದ್ದರು.

"ಮರದಲ್ಲಿ ನಾಲ್ಕು ಬಿಡಿ ಎಂದು ನನ್ನ ಅಭಿಪ್ರಾಯ" ಎಂದು ಶ್ರೀನಿವಾಸಯ್ಯನವರು ಗೊಣಗಿದರು. "ಇಷ್ಟು ಅಕ್ಷರಶಃ ಪಾಲಿಸಬೇಕಾಗಿರಲಿಲ್ಲ." ಮುಖದ ಮೇಲೆ ಮಾತ್ರ ಜಹಾಂಗೀರು ತಂದ ದಿನದ ಕಳೆಯಿತ್ತು.

ಭಾಗೀರಥಮ್ಮ ಹೂಬುಟ್ಟಿ ತುಂಬಿಕೊಂಡರು. ತುಂಬಿದ ಮೇಲೂ ಮರದ ಕಡೆ ಕತ್ತೆತ್ತಿ, "ಇವೆಲ್ಲ ಅವರು ಕೊಟ್ಟಿದ್ದಾಯ್ತು. ನಮ್ಮ ಕೈಯಿಂದ್ಲೂ ಒಂದು ಇರಲಿ. ಅಗೋ, ಆ ಕೆಳಗಿರೋದು ಬಿಡಿಸ್ಕೊಡಿ" ಎಂದರು.

ಪುಷ್ಪಾವಚಯದ ಮೇಲೆ ರಾಜ್ಯಕ್ಕೆ ಬುದ್ಧಿ ಹೇಳಿದ ಆ ಕೈ ಹೂವನ್ನು ಹಿಡಿದು ಎಳೆಯಿತು. ಎಸಳುಗಳೆಲ್ಲ ಮುಷ್ಟಿಗೆ ಬಂದವು, ತೊಟ್ಟು ಮರದಲ್ಲೇ ಉಳಿಯಿತು. ಭಾಗೀರಥಮ್ಮ ತಮ್ಮ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಶ್ರೀನಿವಾಸಯ್ಯನವರು ಕೈಯೊಳಗಿನ ಎಸಳುಗಳನ್ನು ನೋಡಿದರು, ಬೋರ್ಡನ್ನು ನೋಡಿದರು, ಅದರ ಕೆಳಗೆ ಗೋಡೆಯಲ್ಲಿ ಉಳಿದಿದ್ದ ಖಾಲಿ ಜಾಗವನ್ನು ಬಹಳ ಹೊತ್ತು ಅಳತೆ ಮಾಡುವವರಂತೆ ನೋಡಿದರು.

"ತೊಟ್ಟು ಹಿಡಿದು ಬಿಡಿಸಬೇಕೆಂದು ಎಲ್ಲೂ ಬರೆದೇ ಇಲ್ಲವಲ್ಲ" ಎಂದರು. "ಮಾಯಣ್ಣನಿಗೆ ಹೇಳಿಕಳಿಸು. ಇನ್ನೊಂದು ಬೋರ್ಡು ಬೇಕು."